ಸೋರೆಬುರುಡೆಯಿಂದ ಗಾಳಿಹಾಸಿನವರೆಗೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ, ಮದ್ದೂರು ಪಟ್ಟಣಕ್ಕೆ ಅಂಟಿಕೊಂಡಂತೆ ಇರುವ ಊರು ಶಿವಪುರ. ಈ ಊರಿನ ಹೆಸರನ್ನು ನಾಡಿನ ಜನ ಮರೆತಿಲ್ಲ. 1938ರ ಏಪ್ರಿಲ್ ತಿಂಗಳಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಇಲ್ಲಿ ನಡೆಯಿತು. ಸರ್ಕಾರದ ನಿಷೇಧವನ್ನು ಲೆಕ್ಕಿಸದೆ ಜನ ರಾಷ್ಟ್ರಧ್ವಜವನ್ನು ಹಾರಿಸಿದರು. ಆ ಧ್ವಜ ಸತ್ಯಾಗ್ರಹದ ನೆನಪಿಗಾಗಿ ಕಟ್ಟಿದ ಸತ್ಯಾಗ್ರಹ ಸೌಧ ಇಂದಿಗೂ ದಾರಿಹೋಕರ ಕಣ್ಣಿಗೆ ಬೀಳುತ್ತದೆ. ಇತಿಹಾಸದ ಪುಟಗಳಲ್ಲಿ ಸೇರಿಹೋದ ಈ ಊರಿಗೆ, ಆ ಪುಟಗಳಲ್ಲಿ ಸೇರದ ಇನ್ನೊಂದು ಬದುಕೂ ಉಂಟು. ಅದು ಪಕ್ಕದಲ್ಲೇ ಹರಿಯುವ ಶಿಂಷಾ ನದಿಯೊಡನೆ ಬೆಳೆದು ಬಂದ ಬದುಕು.

ತುಮಕೂರು ಜಿಲ್ಲೆಯಲ್ಲಿ ಹುಟ್ಟುವ ಶಿಂಷೆಯು ಮಾರ್ಕೋನಹಳ್ಳಿಯ ಜಲಾಶಯವನ್ನು ದಾಟಿ, ಮದ್ದೂರು ಮಳವಳ್ಳಿಗಳ ನೆಲವನ್ನು ತಣಿಸಿ, ಕೊನೆಗೆ ಕಾವೇರಿಯ ಒಡಲನ್ನು ಸೇರುತ್ತಾಳೆ. ಬೇಸಗೆಯಲ್ಲಿ ಮರಳಿನ ನಡುವೆ ಎಳೆಯಾಗಿ ಹರಿಯುವ ಈ ಹೊಳೆ, ಮಳೆಗಾಲದಲ್ಲಿ ಮೈದುಂಬಿ ಕೆಂಪಾಗುತ್ತದೆ. ಹೊಳೆಯ ಜೊತೆಗೆ ಕೆರೆಗಳು, ಬಾವಿಗಳು, ಕೃಷ್ಣರಾಜಸಾಗರದಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ಕವಲುಗಳು. ಹೀಗೆ ಎತ್ತ ತಿರುಗಿದರೂ ನೀರೇ ಇರುವ ಸೀಮೆಯಲ್ಲಿ ಈಜು ಬಾರದವನ ಬದುಕು ಅಪಾಯದ ಅಂಚಿನಲ್ಲೇ ಇರುತ್ತದೆ. ಆದುದರಿಂದ ಹಿಂದಿನ ಹಿರಿಯರು ಮಕ್ಕಳಿಗೆ ಅಕ್ಷರ ಕಲಿಸಲು ಎಷ್ಟು ಆಸಕ್ತಿ ವಹಿಸುತ್ತಿದ್ದರೋ ಈಜು ಕಲಿಸಲೂ ಅಷ್ಟೇ ಆಸಕ್ತಿ ವಹಿಸುತ್ತಿದ್ದರು.

ಆ ಪಾಠಶಾಲೆಯ ಉಪಕರಣ ಯಾವುದು? ಒಂದು ಸೋರೆಬುರುಡೆ. ಬಳ್ಳಿಯಲ್ಲೇ ಚೆನ್ನಾಗಿ ಬಲಿತ ಸೋರೆಕಾಯಿಯನ್ನು ತಂದು ಅಟ್ಟದ ಮೇಲೆ ಒಣಗಲು ಬಿಡುತ್ತಿದ್ದರು. ತಿಂಗಳುಗಳು ಕಳೆದಂತೆ ಒಳಗಿನ ತಿರುಳು ಒಣಗಿ ಕುಗ್ಗುತ್ತದೆ; ಹೊರಗಿನ ಚಿಪ್ಪು ಮರದಂತೆ ಗಟ್ಟಿಯಾಗುತ್ತದೆ. ಕೈಯಲ್ಲಿ ಹಿಡಿದು ಅಲುಗಿಸಿದರೆ ಬೀಜಗಳು ಗಿಲಿಗಿಲಿ ಎನ್ನುತ್ತವೆ. ಅಂಥ ಎರಡು ಬುರುಡೆಗಳನ್ನು ಹಗ್ಗದಿಂದ ಜೋಡಿಸಿ ಹುಡುಗನ ಬೆನ್ನಿಗೆ ಕಟ್ಟಿದರೆ ಅವನು ನೀರಿನಲ್ಲಿ ಮುಳುಗುತ್ತಿರಲಿಲ್ಲ. ಬುರುಡೆ ಸಿಗದ ಮನೆಗಳಲ್ಲಿ ಬೆಂಡು, ಬಾಳೆದಿಂಡು, ಬಾಯಿ ಮುಚ್ಚಿದ ತಗಡಿನ ಡಬ್ಬ ಆ ಕೆಲಸವನ್ನು ಮಾಡುತ್ತಿದ್ದವು. ಲಾರಿಗಳು ಬಂದ ಮೇಲೆ ಅವುಗಳ ಹಳೆಯ ಟ್ಯೂಬುಗಳು ಹಳ್ಳಿ ಹುಡುಗರ ಪಾಲಿಗೆ ದೊಡ್ಡ ಐಶ್ವರ್ಯವಾದವು. ತೂತಿಗೆ ತೇಪೆ ಹಾಕಿಸಿ, ಗಾಳಿ ತುಂಬಿಸಿ, ಮೂರು ನಾಲ್ಕು ಮಂದಿ ಒಟ್ಟಿಗೆ ಹತ್ತಿ ಕುಳಿತು, ಹೊಳೆಯ ಹರಿವಿನಲ್ಲಿ ಸುತ್ತುತ್ತ ಸಾಗುವ ಸುಖವನ್ನು ಕಂಡವರೇ ಬಲ್ಲರು.

ಆದರೆ ಕಲಿಸುವ ಹಿರಿಯನ ಕಣ್ಣು ಸುಖದ ಮೇಲೆ ಇರುತ್ತಿರಲಿಲ್ಲ. ಕಲಿಕೆಯ ಮೇಲೆ ಇರುತ್ತಿತ್ತು. ಮೊದಲ ಕೆಲವು ದಿನ ಎರಡು ಬುರುಡೆ. ಆಮೇಲೆ ಒಂದೇ ಬುರುಡೆ. ಅನಂತರ ಹಗ್ಗವನ್ನು ಸಡಿಲ ಬಿಟ್ಟು ಹೆಸರಿಗಷ್ಟೇ ಒಂದು ಬುರುಡೆ. ಕೊನೆಗೆ ಒಂದು ದಿನ ಅದೂ ಇಲ್ಲ. "ಬುರುಡೆ ಬಿಚ್ಚಬ್ಯಾಡ ತಾತ, ಮುಳುಗೋಗ್ತೀನಿ" ಎಂದು ಮೊಮ್ಮಗ ಅತ್ತರೆ ಅಜ್ಜ ನಗುತ್ತ, "ಬುರುಡೆ ಕಟ್ಟಿದ್ದು ತೇಲ್ಕೊಂಡು ಕೂರೋಕಲ್ಲ ಕಣ್ಲಾ ಮಗ, ಕಲಿಯೋಕೆ. ಕೈಕಾಲು ಬಡಿ, ನಾನಿಲ್ವಾ ಇಲ್ಲಿ?" ಎಂದು ಧೈರ್ಯ ಹೇಳುತ್ತಿದ್ದ. ಒಂದು ಉಪಕರಣವನ್ನು ಹೇಗೆ ಬಳಸಬೇಕು, ಯಾವಾಗ ಬಿಡಬೇಕು ಎಂಬ ಎರಡು ಪಾಠಗಳೂ ಆ ಮಾತಿನಲ್ಲಿ ಅಡಗಿದ್ದವು.

ಒಣಗಿದ ಬುರುಡೆ ಮನುಷ್ಯನನ್ನು ಎತ್ತಿ ಹಿಡಿಯುವುದಾದರೂ ಹೇಗೆ? ಎತ್ತುವುದು ಬುರುಡೆಯಲ್ಲ, ಅದರೊಳಗೆ ಸೆರೆಯಾದ ಗಾಳಿಯೂ ಅಲ್ಲ, ಎತ್ತುವುದು ನೀರು. ನೀರಿನಲ್ಲಿ ಮುಳುಗಿದ ವಸ್ತು ತನ್ನ ಗಾತ್ರದಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಹಾಗೆ ಸರಿದ ನೀರಿನ ತೂಕದಷ್ಟೇ ಬಲದಿಂದ ನೀರು ಆ ವಸ್ತುವನ್ನು ಮೇಲಕ್ಕೆ ನೂಕುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸ್ ನಿರೂಪಿಸಿದ ತತ್ತ್ವವಿದು. ಒಂದು ಲೀಟರು ನೀರು ಸುಮಾರು ಒಂದು ಕಿಲೋಗ್ರಾಂ ತೂಗುತ್ತದೆ. ಆದುದರಿಂದ 4 ಲೀಟರು ಗಾತ್ರದ ಬುರುಡೆಯನ್ನು ಪೂರ್ತಿಯಾಗಿ ಮುಳುಗಿಸಿದರೆ ನೀರು ಅದನ್ನು 4 ಕಿಲೋಗ್ರಾಂ ಬಲದಿಂದ ನೂಕುತ್ತದೆ. ಬುರುಡೆಯ ಸ್ವಂತ ತೂಕವನ್ನು ಅದರಲ್ಲಿ ಕಳೆದರೆ ಉಳಿದುದೆಲ್ಲ ಈಜುವವನ ಪಾಲಿಗೆ. ಮನುಷ್ಯನ ಶರೀರ ನೀರಿನಷ್ಟೇ ಸಾಂದ್ರತೆಯುಳ್ಳದ್ದು. ಎದೆ ತುಂಬ ಉಸಿರು ಹಿಡಿದರೆ ಹೆಚ್ಚಿನವರು ತಾವಾಗಿಯೇ ತೇಲುವಂತಾಗುತ್ತಾರೆ. ತಲೆಯನ್ನು ನೀರಿನಿಂದ ಮೇಲೆ ಹಿಡಿಯಲು ಬೇಕಾದುದು ಕೆಲವೇ ಕಿಲೋಗ್ರಾಂಗಳ ಆಸರೆ. ಎರಡು ಬುರುಡೆಗಳು ಅಷ್ಟನ್ನು ಧಾರಾಳವಾಗಿ ಕೊಡುತ್ತವೆ.

ಗಾಳಿಯನ್ನು ಸೆರೆಹಿಡಿದು ನೀರನ್ನು ದಾಟುವ ಈ ಉಪಾಯ ನಮ್ಮ ಸೀಮೆಗೆ ಮಾತ್ರ ಸೇರಿದುದಲ್ಲ. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದಲ್ಲಿ ಅಸ್ಸೀರಿಯಾ ದೇಶವನ್ನು ಎರಡನೆಯ ಅಶುರ್ನಾಸಿರ್ಪಾಲ್ ಎಂಬ ದೊರೆ ಆಳುತ್ತಿದ್ದನು. ನಿಮ್ರೂದ್ ನಗರದಲ್ಲಿದ್ದ ಅವನ ಅರಮನೆಯ ಗೋಡೆಗಳನ್ನು ಅಲಂಕರಿಸಿದ್ದ ಉಬ್ಬುಶಿಲ್ಪಗಳು ಈಗ ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಒಂದರಲ್ಲಿ, ಊದಿದ ತೊಗಲಿನ ಚೀಲಗಳನ್ನು ಎದೆಗೆ ಅವುಚಿಕೊಂಡು ನದಿಯನ್ನು ಈಜಿ ದಾಟುವ ಮನುಷ್ಯರ ಚಿತ್ರ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ. ಕ್ರಿಸ್ತಪೂರ್ವ 329ರಲ್ಲಿ ಅಲೆಕ್ಸಾಂಡರನು ಮಧ್ಯ ಏಷ್ಯದ ಆಕ್ಸಸ್ ನದಿಯ ದಡಕ್ಕೆ ಬಂದಾಗ ದೋಣಿ ಕಟ್ಟಲು ಅಲ್ಲಿ ಮರವಿರಲಿಲ್ಲ. ಅವನ ಸೈನಿಕರು ಡೇರೆಯ ತೊಗಲುಗಳನ್ನು ಬಿಚ್ಚಿ, ಒಳಗೆ ಒಣಹುಲ್ಲು ತುಂಬಿ, ನೀರು ನುಗ್ಗದಂತೆ ಹೊಲಿದು, ಅವುಗಳ ಮೇಲೆ ನದಿಯನ್ನು ದಾಟಿದರು. ನಮ್ಮ ಹಿಮಾಲಯದ ಸಟ್ಲೆಜ್, ಬಿಯಾಸ್ ನದಿಗಳಲ್ಲಿಯೂ ಹಿಂದೆ ಕೋಣದ ತೊಗಲನ್ನು ಇಡಿಯಾಗಿ ಸುಲಿದು, ಊದಿ, ಅದರ ಮೇಲೆ ಬೋರಲಾಗಿ ಮಲಗಿ, ಕೈಕಾಲುಗಳಿಂದ ನೀರನ್ನು ತಳ್ಳುತ್ತ ಪ್ರಯಾಣಿಕರನ್ನು ದಾಟಿಸುವ ಅಂಬಿಗರಿದ್ದರು. ನಮ್ಮ ಕಾವೇರಿಯ ಹರಿಗೋಲು ಬೇರೊಂದು ಜಾತಿಯದು. ಅದು ಬಿದಿರಿನ ತಟ್ಟಿಗೆ ತೊಗಲನ್ನೋ ಟಾರು ಬಳಿದ ಬಟ್ಟೆಯನ್ನೋ ಹೊದಿಸಿದ ಬಾಯ್ದೆರೆದ ಬುಟ್ಟಿ. ತತ್ತ್ವ ಒಂದೇ ಆದರೂ, ಹರಿಗೋಲಿನಲ್ಲಿ ಆಕಾರ ಸ್ಥಿರ; ಊದಿದ ಚೀಲದಲ್ಲಿ ಆಕಾರವನ್ನು ಕೊಡುವುದು ಗಾಳಿ. ಈ ಭೇದವನ್ನು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ತೊಗಲಿನ ಚೀಲಕ್ಕೆ ಎರಡು ದೋಷಗಳಿದ್ದವು. ಅದು ಕೊಳೆಯುತ್ತಿತ್ತು, ಗಾಳಿಯನ್ನು ಮೆಲ್ಲಮೆಲ್ಲನೆ ಬಿಡುತ್ತಿತ್ತು. ಈ ದೋಷಗಳಿಗೆ ಪರಿಹಾರ ದೊರೆತುದು ರಬ್ಬರಿನಿಂದ. 1823ರಲ್ಲಿ ಸ್ಕಾಟ್‌ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರಿನ ಪದರವನ್ನು ಸೇರಿಸಿ ನೀರು ಹೊಗದ ಬಟ್ಟೆಯನ್ನು ಸಿದ್ಧಪಡಿಸಿದನು. ಬಿಸಿಲಿಗೆ ಅಂಟುವ, ಚಳಿಗೆ ಬಿರಿಯುವ ರಬ್ಬರಿನ ಗುಣವನ್ನು ಗಂಧಕ ಬೆರೆಸಿ ಕಾಯಿಸುವುದರಿಂದ ತಿದ್ದಬಹುದೆಂದು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡನು. 1840ರ ದಶಕದಲ್ಲಿ ಇಂಗ್ಲೆಂಡಿನ ನೌಕಾಪಡೆಯ ಅಧಿಕಾರಿ ಪೀಟರ್ ಹಾಲ್ಕೆಟ್ ಒಂದು ವಿಚಿತ್ರವಾದ ನಿಲುವಂಗಿಯನ್ನು ರೂಪಿಸಿದನು. ತೊಟ್ಟುಕೊಂಡರೆ ಅದು ಮಳೆಯಂಗಿ. ಊದಿದರೆ ಒಬ್ಬ ಮನುಷ್ಯನನ್ನು ಹೊರುವ ದೋಣಿ! ಉತ್ತರ ಧ್ರುವ ಪ್ರದೇಶವನ್ನು ಅನ್ವೇಷಿಸಿದ ಜಾನ್ ರೇ ತನ್ನ ಪ್ರಯಾಣದಲ್ಲಿ ಹಾಲ್ಕೆಟ್ಟನ ದೋಣಿಯನ್ನು ಕೊಂಡೊಯ್ದು ಬಳಸಿದನು. ಮಡಿಚಿ ಹೆಗಲ ಮೇಲೆ ಹಾಕಿಕೊಳ್ಳಬಹುದಾದ ದೋಣಿಯೊಂದು ಹೀಗೆ ಲೋಕಕ್ಕೆ ಬಂದಿತು.

ಇಲ್ಲಿಯವರೆಗೆ ಗಾಳಿಚೀಲದ ಕೆಲಸ ತೇಲುವುದು, ದಾಟುವುದು ಇಷ್ಟೇ ಆಗಿತ್ತು. ಅದರ ಮೇಲೆ ಮಲಗಿ ಸಮುದ್ರದ ಅಲೆಯನ್ನು ಸವಾರಿ ಮಾಡಬಹುದೆಂಬುದು ಇಪ್ಪತ್ತನೆಯ ಶತಮಾನದ ಕಲ್ಪನೆ. ಅದನ್ನು ತಿಳಿಯುವ ಮೊದಲು ಅಲೆ ಎಂದರೇನೆಂದು ತಿಳಿಯಬೇಕು. ದೂರದ ಕಡಲಿನಲ್ಲಿ ಗಾಳಿ ಬೀಸಿದಾಗ ನೀರಿನ ಮೈ ಏರಿಳಿಯುತ್ತದೆ. ಆ ಏರಿಳಿತ ದಡದತ್ತ ಸಾಗುತ್ತದೆಯೇ ಹೊರತು ನೀರು ಅಷ್ಟು ದೂರ ಸಾಗುವುದಿಲ್ಲ. ಭತ್ತದ ಗದ್ದೆಯ ಮೇಲೆ ಗಾಳಿ ಸುಳಿದಾಗ ತೆನೆಗಳು ಬಾಗಿ ಏಳುತ್ತವೆ. ಅಲೆ ಬದುವಿನಿಂದ ಬದುವಿಗೆ ಓಡುತ್ತದೆ. ಆದರೆ ಯಾವ ತೆನೆಯೂ ತನ್ನ ಬುಡವನ್ನು ಬಿಟ್ಟು ಹೋಗುವುದಿಲ್ಲ. ಕಡಲಲ್ಲಿಯೂ ಹಾಗೆಯೇ ಸಾಗುವುದು ಶಕ್ತಿ. ದಡದ ಬಳಿ ಆಳ ಕಡಿಮೆಯಾದಾಗ ಅಲೆಯ ತಳ ನಿಧಾನವಾಗುತ್ತದೆ, ತಲೆ ಮುಂದೆ ಬಾಗುತ್ತದೆ, ಕೊನೆಗೆ ನೊರೆಯಾಗಿ ಒಡೆಯುತ್ತದೆ. ಒಡೆಯುವುದಕ್ಕೆ ಮುಂಚೆ ಅಲೆಯ ಮುಂಭಾಗ ಚಲಿಸುವ ಇಳಿಜಾರಾಗಿ ನಿಲ್ಲುತ್ತದೆ. ಆ ಇಳಿಜಾರಿನಲ್ಲಿ, ಅಲೆಯ ವೇಗಕ್ಕೆ ಹೊಂದಿಕೊಂಡು ಜಾರುತ್ತ ಸಾಗುವುದೇ ಅಲೆಸವಾರಿ.

ಹವಾಯಿ ದ್ವೀಪಗಳ ಜನ ಈ ವಿದ್ಯೆಯನ್ನು ಮರದ ಹಲಗೆಗಳ ಮೇಲೆ ಶತಮಾನಗಳಿಂದ ಬಲ್ಲವರು. ಆದರೆ ಮರದ ಹಲಗೆ ಭಾರವಾದುದು. ತಲೆಗೆ ಬಡಿದರೆ ಗಾಯ ತಪ್ಪಿದ್ದಲ್ಲ. 1930ರ ದಶಕದಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದ ವೈದ್ಯ ಅರ್ನೆಸ್ಟ್ ಸ್ಮಿದರ್ಸ್ ರಬ್ಬರಿನಿಂದ ಒಂದು ಗಾಳಿಹಾಸನ್ನು ರೂಪಿಸಿದನು. ಉದ್ದಕ್ಕೆ ಸಾಲಾಗಿ ಜೋಡಿಸಿದ ಕೊಳವೆಗಳು, ಮುಂದುಗಡೆ ಹಿಡಿದುಕೊಳ್ಳಲು ಹಿಡಿಕೆಗಳು, ಊದಲು ಒಂದು ಬಾಯಿ. ಇದಿಷ್ಟೇ ಅದರ ರಚನೆ. 'ಸರ್ಫೋಪ್ಲೇನ್' ಎಂಬ ಹೆಸರಿನ ಈ ಹಾಸು ಸಿಡ್ನಿಯ ಕಡಲತೀರಗಳಲ್ಲಿ ಬಾಡಿಗೆಗೆ ದೊರೆಯುತ್ತಿತ್ತು. ಎದ್ದು ನಿಲ್ಲುವ ಕಸರತ್ತು ಬೇಕಿಲ್ಲ. ಬೋರಲಾಗಿ ಮಲಗಿದರೆ ಸಾಕು. ಬಿದ್ದರೂ ಪೆಟ್ಟಾಗುವುದಿಲ್ಲ. ಹೀಗೆ ಸಾವಿರಾರು ಮಕ್ಕಳ ಮೊದಲ ಅಲೆಸವಾರಿ ಗಾಳಿಯ ಮೇಲೆಯೇ ಆಯಿತು. 1971ರಲ್ಲಿ ಟಾಮ್ ಮೋರೆ ಎಂಬ ಅಮೆರಿಕದವನು ಹವಾಯಿಯಲ್ಲಿ ಮೆತ್ತನೆಯ ನೊರೆಪ್ಲಾಸ್ಟಿಕ್ಕಿನ ಕಿರುಹಲಗೆಯನ್ನು ಮಾಡಿದ ಮೇಲೆ ಎಲ್ಲೆಡೆ ಅದೇ ಹರಡಿತು. ಗಾಳಿಹಾಸು ಮಕ್ಕಳ ಆಟಿಕೆಯೆಂದು ಮೂಲೆ ಸೇರಿತು.

ಆಟಿಕೆಯೆಂದು ಲೋಕ ಬದಿಗಿರಿಸಿದ ವಸ್ತುವನ್ನು ಗಂಭೀರವಾಗಿ ನೋಡಿದವನು ಜಾರ್ಜ್ ಗ್ರೀನೊ. 1941ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, ಮುಂದೆ ಆಸ್ಟ್ರೇಲಿಯದಲ್ಲಿ ನೆಲೆಸಿದ ಈತ ಮೀನುಗಳ ಚಲನೆಯನ್ನು ಗಮನಿಸಿ ಹಲಗೆಗಳ ಅಡಿಯ ರೆಕ್ಕೆಗಳನ್ನು ತಿದ್ದಿದವನು. ಅಲೆಯ ಸುರುಳಿಯ ಒಳಗಿನಿಂದ ಚಲನಚಿತ್ರ ತೆಗೆದವನು. ಹಲಗೆಗಳ ವಿನ್ಯಾಸದಲ್ಲಿ ಅಷ್ಟು ಹೆಸರು ಪಡೆದವನು ತಾನು ಮಾತ್ರ ಗಾಳಿಹಾಸನ್ನು ಬಿಡಲಿಲ್ಲ. ಅವನು ಕಂಡುಕೊಂಡ ಸಂಗತಿ ಮೊದಲ ನೋಟಕ್ಕೆ ವಿರುದ್ಧವೆನಿಸುವಂಥದು. ಹಾಸಿಗೆ ಬಿಗಿಯಾಗಿ ಗಾಳಿ ತುಂಬಿದರೆ ಅದು ಚೆನ್ನಾಗಿ ಓಡುವುದಿಲ್ಲ. ಗಾಳಿ ಕಡಿಮೆ ಮಾಡಿದರೆ ಚೆನ್ನಾಗಿ ಓಡುತ್ತದೆ!

ಇದರ ಕಾರಣವನ್ನು ಹಳ್ಳಿಯ ಹುಡುಗರು ಸುಲಭವಾಗಿ ಅರಿಯಬಲ್ಲರು. ಬಿಗಿಯಾಗಿ ಗಾಳಿ ತುಂಬಿದ ಸೈಕಲ್ಲಿನ ಚಕ್ರ ಕಲ್ಲುದಾರಿಯಲ್ಲಿ ಪುಟಿಯುತ್ತದೆ. ಸವಾರನ ಮೈಯೆಲ್ಲ ನೋಯುತ್ತದೆ. ಗಾಳಿ ತುಸು ಸಡಿಲವಾಗಿದ್ದರೆ ಅದೇ ಚಕ್ರ ಕಲ್ಲಿನ ಮೇಲೆ ಒತ್ತಿಕೊಂಡು, ನೆಲವನ್ನು ಅಪ್ಪಿಕೊಂಡು ಸಾಗುತ್ತದೆ. ಅಲೆಯ ಮೈಯೂ ನಯವಾದುದಲ್ಲ. ಅದರ ಮೇಲೆ ಗಾಳಿ ಎಬ್ಬಿಸಿದ ಸಾವಿರ ಕಿರುತೆರೆಗಳು. ಬಿಗಿಯಾದ ಹಾಸು ಒಂದೊಂದು ಕಿರುತೆರೆಗೂ ನೆಗೆಯುತ್ತದೆ. ನೆಗೆದಷ್ಟೂ ವೇಗ ನಷ್ಟ. ಸಡಿಲವಾದ ಹಾಸು ಅವುಗಳನ್ನು ತನ್ನ ಮೆತ್ತನೆಯ ಮೈಯೊಳಗೆ ನುಂಗಿಕೊಂಡು, ಅಲೆಯ ಬಾಗುವಿಕೆಗೆ ತಾನೂ ಬಾಗುತ್ತದೆ. ಸವಾರನು ಎರಡು ಕೈಗಳಿಂದ ಮುಂದಿನ ಮೂಲೆಗಳನ್ನು ಹಿಡಿದಿರುತ್ತಾನೆ. ಒಂದು ಮೂಲೆಯನ್ನು ಹಿಂಡಿದರೆ ಗಾಳಿ ಇನ್ನೊಂದು ಕಡೆಗೆ ಸರಿದು ಅಲ್ಲಿ ಹಾಸು ಬಿಗಿಯಾಗುತ್ತದೆ. ಹೀಗೆ ಹಿಂಡುತ್ತ, ಬಿಡುತ್ತ, ಮೈಭಾರವನ್ನು ಹಿಂದೆ ಮುಂದೆ ಸರಿಸುತ್ತ ಅವನು ಸವಾರಿಯ ನಡುವೆಯೇ ತನ್ನ ವಾಹನದ ಆಕಾರವನ್ನು ಬದಲಿಸುತ್ತಾನೆ. ಮರದ ಹಲಗೆಗೆ ಇದು ಸಾಧ್ಯವೇ? ಅದನ್ನು ಮಾಡಿದವನು ಒಮ್ಮೆ ಕೊಟ್ಟ ಆಕಾರವೇ ಕೊನೆಯವರೆಗೆ.

ಇಂಥ ಹಾಸನ್ನು ರೂಪಿಸುವುದು ಸುಲಭದ ಕೆಲಸವಲ್ಲ. ಮೊದಲನೆಯದಾಗಿ ಬಟ್ಟೆ. ದಪ್ಪ ರಬ್ಬರಿನ ಬಟ್ಟೆ ಗಟ್ಟಿಯಾದರೂ ಭಾರವಾದುದು, ಸುಲಭವಾಗಿ ಬಾಗದು. ಆದುದರಿಂದ ಗ್ರೀನೊ ಮತ್ತು ಅವನ ದಾರಿಯಲ್ಲಿ ನಡೆದವರು ಒಳಗೆ ಗಾಳಿ ಸೋರದ ಲೇಪವುಳ್ಳ ತೆಳುವಾದ ನೈಲಾನ್ ಬಟ್ಟೆಯನ್ನು ಆರಿಸಿಕೊಂಡರು. ಹಾಗೆ ಮಾಡಿದ ಹಾಸು ಒಂದು ಕಿಲೋಗ್ರಾಮಿಗೂ ಕಡಿಮೆ ತೂಗುತ್ತದೆ. ಗಾಳಿ ತೆಗೆದು ಸುತ್ತಿದರೆ ಪಂಚೆಯಂತೆ ಕಂಕುಳಲ್ಲಿ ಇರಿಸಿಕೊಳ್ಳಬಹುದು. ಎರಡನೆಯದಾಗಿ ಒಳಗಿನ ಅಡ್ಡಪಟ್ಟಿಗಳು. ಬರಿಯ ಚೀಲವನ್ನು ಊದಿದರೆ ಅದು ದಿಂಬಿನಂತೆ ಉಬ್ಬಿ ಗುಂಡಾಗುತ್ತದೆ, ಚಪ್ಪಟೆಯಾಗಿ ನಿಲ್ಲುವುದಿಲ್ಲ. ಮೇಲಿನ ಬಟ್ಟೆಯನ್ನೂ ಕೆಳಗಿನ ಬಟ್ಟೆಯನ್ನೂ ಉದ್ದಕ್ಕೆ ಪಟ್ಟಿಗಳಿಂದ ಬೆಸೆದಾಗಲೇ ಚೀಲವು ಕೊಳವೆಗಳ ಸಾಲಾಗಿ ಹಾಸಿನ ರೂಪವನ್ನು ತಾಳುತ್ತದೆ. ಮೂರನೆಯದಾಗಿ ಬೆಸುಗೆ. ಇಡೀ ಹಾಸಿನಲ್ಲಿ ಸೂಜಿಮೊನೆಯಷ್ಟು ಸಂದು ಉಳಿದರೂ ಶ್ರಮವೆಲ್ಲ ವ್ಯರ್ಥ.

ಕೊನೆಯದು ಗಾಳಿಯ ಪ್ರಮಾಣ. ಇದನ್ನು ತೀರ್ಮಾನಿಸುವವನು ತಯಾರಕನಲ್ಲ, ಸವಾರ. ಇಲ್ಲಿ ಪ್ರಕೃತಿಯೂ ಒಂದು ಲೆಕ್ಕ ಹಾಕುತ್ತದೆ. ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. 40 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಊದಿದ ಹಾಸನ್ನು 27 ಡಿಗ್ರಿಯ ನೀರಿಗೆ ಇಳಿಸಿದರೆ ಅದರೊಳಗಿನ ಗಾಳಿ ನೂರಕ್ಕೆ ಸುಮಾರು ನಾಲ್ಕು ಪಾಲಿನಷ್ಟು ಕುಗ್ಗುತ್ತದೆ. ದಡದಲ್ಲಿ ಸರಿಯಾಗಿದ್ದುದು ನೀರಿನಲ್ಲಿ ಸಡಿಲವಾಗುತ್ತದೆ. ಆಗ ಸವಾರ ಬಾಯಿಯಿಂದಲೇ ಒಂದೆರಡು ಉಸಿರು ಸೇರಿಸುತ್ತಾನೆ, ಇಲ್ಲವೇ ಬಿಡುತ್ತಾನೆ. ವೈಣಿಕನು ಕಛೇರಿಗೆ ಮೊದಲು ತಂತಿಯನ್ನು ಶ್ರುತಿಗೆ ತರುವಂತೆ ಅವನು ತನ್ನ ಹಾಸನ್ನು ಅಂದಿನ ಅಲೆಗೆ ಹೊಂದಿಸಿಕೊಳ್ಳುತ್ತಾನೆ. ತಂತಿ ಹೆಚ್ಚು ಬಿಗಿದರೂ ಅಪಸ್ವರ, ಸಡಿಲವಾದರೂ ಅಪಸ್ವರ.

ನಮ್ಮ ಕರ್ನಾಟಕದ ಕರಾವಳಿಗೂ ಅಲೆಸವಾರಿ ಈಗ ಅಪರಿಚಿತವಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. ಅಮೆರಿಕದಿಂದ ಬಂದು ಆಶ್ರಮ ಜೀವನ ನಡೆಸುತ್ತಿದ್ದ ಜ್ಯಾಕ್ ಹೆಬ್ನರ್ ಅದರ ಪ್ರೇರಕ. ಸಮೀಪದ ಸಸಿಹಿತ್ಲು ಎಂಬಲ್ಲಿ ನಂದಿನಿ, ಶಾಂಭವಿ ನದಿಗಳು ಕೂಡಿ ಕಡಲನ್ನು ಸೇರುತ್ತವೆ. ಅಲ್ಲಿ 2016ರಲ್ಲಿ ಅಲೆಸವಾರಿಯ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ಮೀನುಗಾರರ ಮನೆಗಳಲ್ಲಿ ಹುಟ್ಟಿ, ಕಡಲನ್ನು ತೊಟ್ಟಿಲಿನಂತೆ ಕಂಡು ಬೆಳೆದ ಮಕ್ಕಳೂ ಇಂದು ಈ ಕ್ರೀಡೆಯಲ್ಲಿ ತೊಡಗಿದ್ದಾರೆ. ಅಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಹಲಗೆಯೇ. ಆದರೆ ಹಲಗೆಯಾಗಲಿ ಹಾಸಾಗಲಿ, ಅಲೆ ಕಲಿಸುವ ಪಾಠ ಒಂದೇ: ನೀರನ್ನು ಎದುರಿಸಿ ಗೆಲ್ಲಲಾಗದು, ಅದರ ನಡೆಯನ್ನು ಅರಿತು ಹೊಂದಿಕೊಳ್ಳಬೇಕು.

ಗಾಳಿಯ ಗುಣವನ್ನು ಹೇಳಿ ದೋಷವನ್ನು ಹೇಳದಿದ್ದರೆ ಪಾಠ ಅಪೂರ್ಣವಾಗುತ್ತದೆ. ಗಾಳಿಚೀಲ ತೇಲಿಸುತ್ತದೆ, ನಿಜ. ಆದರೆ ಅದು ಪ್ರಾಣರಕ್ಷಕವಲ್ಲ. ಒಂದು ಮುಳ್ಳು ತಾಗಿದರೆ ಅದರ ಆಯುಸ್ಸು ಮುಗಿಯಿತು. ದಡದಿಂದ ಕಡಲ ಕಡೆಗೆ ಗಾಳಿ ಬೀಸುತ್ತಿದ್ದರೆ ಹಗುರವಾದ ಹಾಸು ತರಗೆಲೆಯಂತೆ ಒಳಗೆ ತೇಲಿಹೋಗುತ್ತದೆ. ಸೊಂಟಕ್ಕೆ ಕಟ್ಟಿದ ಬುರುಡೆ ಕಾಲಿನತ್ತ ಜಾರಿದರೆ ಕಾಲು ಮೇಲಾಗಿ ತಲೆ ಕೆಳಗಾಗುತ್ತದೆ. ಕಡಲಿನಲ್ಲಿ ದಡಕ್ಕೆ ಬಂದ ನೀರು ಕೆಲವೆಡೆ ಒಂದೇ ಓಣಿಯಾಗಿ ಹಿಂದಕ್ಕೆ ಸೆಳೆಯುತ್ತದೆ. ಆ ಸೆಳವಿಗೆ ಸಿಕ್ಕವನು ಅದಕ್ಕೆ ಎದುರಾಗಿ ಈಜಿದರೆ ಸೋತು ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಪಕ್ಕಕ್ಕೆ ಸರಿದರೆ ಉಳಿಯುತ್ತಾನೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಕಡಲು ಕೆರಳಿರುತ್ತದೆ. ಆಗ ಅದಕ್ಕೆ ಇಳಿಯುವುದು ಸಾಹಸವಲ್ಲ, ಅವಿವೇಕ.

ಕಡಲಿನಿಂದ ದೂರವಿರುವ ಮಂಡ್ಯ ಸೀಮೆಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ನಾಲೆಯ ನೀರು ಮೇಲ್ನೋಟಕ್ಕೆ ಶಾಂತವಾಗಿ ಕಾಣುತ್ತದೆ. ಆದರೆ ಗಾರೆ ಮಾಡಿದ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ. ಒಮ್ಮೆ ಜಾರಿದವನಿಗೆ ಹಿಡಿದು ಹತ್ತಲು ಒಂದು ಬೇರೂ ದೊರೆಯುವುದಿಲ್ಲ. ಹೊಳೆಯಲ್ಲಿ ಮರಳು ತೆಗೆದ ಕಡೆ ಕಾಣದ ಗುಂಡಿಗಳಿರುತ್ತವೆ. ಈಜಲು ಹೋದ ಗೆಳೆಯನೊಬ್ಬ ಮುಳುಗುತ್ತಿರುವಾಗ, ಈಜು ಬಾರದ ಇನ್ನೊಬ್ಬ ಅವನನ್ನು ಹಿಡಿಯಲು ಹಾರಿ, ಇಬ್ಬರೂ ಮರಳಿ ಬಾರದ ದುಃಖದ ಸುದ್ದಿಗಳು ಪ್ರತಿ ಬೇಸಗೆಯ ರಜೆಯಲ್ಲಿಯೂ ಪತ್ರಿಕೆಗಳಲ್ಲಿ ಬರುತ್ತವೆ. ಅಂಥ ಗಳಿಗೆಯಲ್ಲಿ ಮಾಡಬೇಕಾದುದೇನು? ನೀರಿಗೆ ಹಾರಬಾರದು. ಮೊದಲು ಕೂಗಿ ದೊಡ್ಡವರನ್ನು ಕರೆಯಬೇಕು. ಉದ್ದನೆಯ ಬಿದಿರನ್ನೋ ಹಗ್ಗವನ್ನೋ ಗಂಟುಹಾಕಿದ ಪಂಚೆ ಸೀರೆಗಳನ್ನೋ ದಡದಲ್ಲಿ ಮಲಗಿಕೊಂಡು ಚಾಚಬೇಕು. ಅದೂ ಇಲ್ಲವಾದರೆ ಬಿಗಿಯಾಗಿ ಮುಚ್ಚಳ ಹಾಕಿದ ಖಾಲಿ ಕ್ಯಾನನ್ನು ಅವನ ಕೈಗೆ ಎಟಕುವಂತೆ ಎಸೆಯಬೇಕು. 5 ಲೀಟರಿನ ಖಾಲಿ ಕ್ಯಾನು ಸುಮಾರು 5 ಕಿಲೋಗ್ರಾಂ ಬಲದಿಂದ ಎತ್ತುತ್ತದೆ. ಮುಳುಗುವವನ ಮೂಗನ್ನು ನೀರಿನ ಮೇಲೆ ಹಿಡಿಯಲು ಅಷ್ಟು ಸಾಕು. ಆರ್ಕಿಮಿಡೀಸನ ತತ್ತ್ವವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಬಾಲಕ ಆ ಕ್ಷಣದಲ್ಲಿ ಅದನ್ನು ನೆನೆದರೆ, ಆ ವಿದ್ಯೆ ಒಂದು ಜೀವವನ್ನು ಉಳಿಸಬಲ್ಲದು.

ಶಿಂಷೆಯ ದಡದಲ್ಲಿ ಬುರುಡೆ ಕಟ್ಟಿ ಈಜು ಕಲಿಸುವ ಅಜ್ಜಂದಿರು ಈಗ ವಿರಳ. ಟ್ಯೂಬಿಲ್ಲದ ಟೈರುಗಳು ಬಂದ ಮೇಲೆ ಹಳೆಯ ಟ್ಯೂಬುಗಳೂ ಅಪರೂಪವಾಗುತ್ತಿವೆ. ಸೋರೆಬಳ್ಳಿ ಮಾತ್ರ ಇಂದಿಗೂ ಹಿತ್ತಿಲಿನ ಚಪ್ಪರವನ್ನು ಹಬ್ಬುತ್ತದೆ. ಹೊಳೆಯೂ ನಾಲೆಯೂ ಮೊದಲಿನಂತೆಯೇ ಮಕ್ಕಳನ್ನು ಕರೆಯುತ್ತವೆ. ಅಪಾಯ ಉಳಿದು ಕಲಿಕೆ ಅಳಿಯುವುದು ಯಾವ ಊರಿಗೂ ಒಳ್ಳೆಯದಲ್ಲ. ಅಟ್ಟದ ಮೇಲಿನ ಬುರುಡೆಗೂ ಸಾಗರದಾಚೆಯ ನೈಲಾನ್ ಹಾಸಿಗೂ ನಡುವೆ ದೀರ್ಘ ಇತಿಹಾಸವಿದೆ. ಆದರೆ ಎರಡೂ ಹೇಳುವ ಮಾತು ಒಂದೇ. ಆಸರೆ ಬೇಕು, ಆದರೆ ಅದು ಹದವಾಗಿರಬೇಕು. ಗಾಳಿಯನ್ನು ಅತಿಯಾಗಿ ತುಂಬಿದ ಹಾಸು ಸವಾರನ ಮಾತನ್ನು ಕೇಳುವುದಿಲ್ಲ. ಎಂದೆಂದಿಗೂ ಬುರುಡೆಯನ್ನು ಬಿಚ್ಚದ ಹುಡುಗ ಈಜನ್ನು ಕಲಿಯುವುದಿಲ್ಲ. ಹಗ್ಗವನ್ನು ಬಿಚ್ಚುವ ದಿನ ಅಜ್ಜನು ದಡದ ಮೇಲೆ ಕೂರುತ್ತಿರಲಿಲ್ಲ. ಸೊಂಟಮಟ್ಟದ ನೀರಿನಲ್ಲಿ ಕೈಗೆಟಕುವ ದೂರದಲ್ಲಿ ನಿಂತಿರುತ್ತಿದ್ದನು. ಬಿಡುವುದೂ ಕಾಯುವುದೂ ಒಟ್ಟಿಗೆ ನಡೆಯುತ್ತಿದ್ದ ಆ ಶಾಲೆಯನ್ನು ಶಿಂಷೆಯ ದಡದ ಊರುಗಳು ಮತ್ತೆ ತೆರೆಯಬೇಕಾಗಿದೆ.

ಪದಗಳ ಅರ್ಥ

ಅವುಚು – ಅಪ್ಪಿಕೊಳ್ಳು, ಬಿಗಿಯಾಗಿ ಹಿಡಿ
ಉಬ್ಬುಶಿಲ್ಪ – ಕಲ್ಲಿನ ಹಲಗೆಯ ಮೇಲೆ ಉಬ್ಬಿ ಕಾಣುವಂತೆ ಕೆತ್ತಿದ ಚಿತ್ರ
ಬೋರಲು – ಮುಖ ಕೆಳಗಾಗಿ ಮಲಗಿದ ಸ್ಥಿತಿ
ವೈಣಿಕ – ವೀಣೆ ನುಡಿಸುವವನು
ಸಾಂದ್ರತೆ – ಒಂದು ಗಾತ್ರದಲ್ಲಿ ಅಡಗಿರುವ ವಸ್ತುವಿನ ಪ್ರಮಾಣ
ಸೆಳವು – ನೀರು ಎಳೆದುಕೊಂಡು ಹೋಗುವ ವೇಗದ ಹರಿವು
ಹರಿಗೋಲು – ಬಿದಿರಿನ ದುಂಡನೆಯ ದೋಣಿ, ತೆಪ್ಪ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಶಿವಪುರದ ಹೆಸರು ನಾಡಿನ ಇತಿಹಾಸದಲ್ಲಿ ಏಕೆ ಉಳಿದಿದೆ?
2. ಪೀಟರ್ ಹಾಲ್ಕೆಟ್ ರೂಪಿಸಿದ ನಿಲುವಂಗಿಯ ವಿಶೇಷವೇನು?
3. ನಂದಿನಿ, ಶಾಂಭವಿ ನದಿಗಳು ಎಲ್ಲಿ ಕಡಲನ್ನು ಸೇರುತ್ತವೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸೋರೆಬುರುಡೆಯ ನೆರವಿನಿಂದ ಈಜನ್ನು ಹೇಗೆ ಕಲಿಸುತ್ತಿದ್ದರು?
2. ಗಾಳಿ ಕಡಿಮೆ ಇರುವ ಹಾಸು ಅಲೆಯ ಮೇಲೆ ಚೆನ್ನಾಗಿ ಓಡಲು ಕಾರಣವೇನು?
3. ನೀರಿನಲ್ಲಿ ಮುಳುಗುತ್ತಿರುವವನನ್ನು ಉಳಿಸಲು ದಡದಲ್ಲಿರುವವರು ಏನು ಮಾಡಬೇಕು?

ಇ) ಸಂದರ್ಭ ಸೂಚಿಸಿ ವಿವರಿಸಿರಿ.
1. "ಬುರುಡೆ ಕಟ್ಟಿದ್ದು ತೇಲ್ಕೊಂಡು ಕೂರೋಕಲ್ಲ ಕಣ್ಲಾ ಮಗ, ಕಲಿಯೋಕೆ."
2. "ತಂತಿ ಹೆಚ್ಚು ಬಿಗಿದರೂ ಅಪಸ್ವರ, ಸಡಿಲವಾದರೂ ಅಪಸ್ವರ."

ಈ) ನಿಮ್ಮ ಊರಿನ ಹಿರಿಯರು ಈಜನ್ನು ಹೇಗೆ ಕಲಿತರೆಂದು ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.